ಶ್ರಾವಣ ಸೋಮವಾರದ ಪಂಕ್ತಿ

ಭತ್ತ ಬೇಯುವ ವಾಸನೆ ಎಲ್ಲರಿಗೂ ಹಿಡಿಸುವುದಿಲ್ಲ. ನನ್ನ ಗಂಡನಿಗಂತೂ ಅದು ಒದ್ದೆ ಗೋಣಿಚೀಲದ ವಾಸನೆ. ಮದುವೆಯಾದ ಹೊಸದರಲ್ಲಿ ಕಂಪ್ಲಿಗೆ ಬಂದಾಗಲೆಲ್ಲ ಮೂಗು ಮುಚ್ಚಿಕೊಳ್ಳುತ್ತಿದ್ದರು. ಅನ್ನ ಉಣ್ಣುವಾಗ ಆ ಮೂಗನ್ನು ಎಲ್ಲಿಟ್ಟಿರುತ್ತೀರಿ ಎಂದು ನಾನು ಕಾಲೆಳೆಯುತ್ತಿದ್ದೆ. ನನಗೆ ಅದು ಹುಟ್ಟಿದ ಮನೆಯ ವಾಸನೆ. ನಮ್ಮ ರೈಸ್ ಮಿಲ್ಲಿನ ಬಾಯ್ಲರ್ ಕಡೆಯ ಬೆಚ್ಚನೆಯ ಗೋಡೆಗೆ ಬೆನ್ನು ಹಚ್ಚಿ ಕೂತೇ ನಾನು ಬಿ.ಎಡ್. ತನಕ ಓದಿದ್ದು. ಮೊನ್ನೆ ಮರಿಯಮ್ಮನಹಳ್ಳಿಯಿಂದ ಮಗಳನ್ನು ಎತ್ತಿಕೊಂಡು ಹೊರಟು, ಹೊಸಪೇಟೆಯಲ್ಲಿ ಬಸ್ಸು ಬದಲಿಸಿ, ಕಂಪ್ಲಿಯಲ್ಲಿ ಇಳಿದಾಗ ಮಳೆ ಆಗತಾನೆ ನಿಂತಿತ್ತು. ಗಾಳಿಯಲ್ಲಿ ಅದೇ ವಾಸನೆ ಬಂತು. ಹುಟ್ಟಿದಾಗಿನಿಂದ ಮೊದಲ ಸಲ ನಾನೂ ಮೂಗಿಗೆ ಸೆರಗು ಹಿಡಿದೆ. ರಸ್ತೆ ಬದಿಯ ಕಟ್ಟೆಯ ಮೇಲೆ ಸ್ವಲ್ಪ ಹೊತ್ತು ಕೂತೆ. ಹೋದ ವರ್ಷದ ಶ್ರಾವಣ ಪೂರ್ತಿ ಕಣ್ಣ ಮುಂದೆ ಬಂತು.

ಆಗ ನಾನು ಚೊಚ್ಚಲ ಬಸುರಿ. ಎಂಟು ತಿಂಗಳು ತುಂಬಿ, ಶಾಲೆಗೆ ರಜೆ ಹಾಕಿ ತವರಿಗೆ ಬಂದಿದ್ದೆ. ಗಂಡ ಉಕ್ಕಿನ ಕಾರ್ಖಾನೆಯ ಶಿಫ್ಟಿಗೆ ಅಂಟಿಕೊಂಡವರು, ಭಾನುವಾರ ಬಂದು ಹೋಗುತ್ತಿದ್ದರು. ಮೇಲೆ ಶಿವಮೊಗ್ಗದ ಕಡೆ ಮಳೆ ಬಿಡದೆ ಹಿಡಿದಿತ್ತು. ನಮ್ಮಲ್ಲಿ ಬರೀ ಮೋಡ, ಗಾಳಿ, ಆಗೊಮ್ಮೆ ಈಗೊಮ್ಮೆ ನಾಲ್ಕು ಹನಿ. ಆದರೆ ಡ್ಯಾಮು ತುಂಬಲು ನಮ್ಮ ಮಳೆ ಬೇಕಿಲ್ಲವಲ್ಲ. ಅದು ತುಂಬಿತು, ಗೇಟು ಎತ್ತಿದರು. ಡ್ಯಾಮಿನ ಗೇಟು ಎತ್ತಿದರೆ ಹೊಸಪೇಟೆಯವರಿಗೆ ಸಂಭ್ರಮ, ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ನೋಡಲು ಹೋಗುತ್ತಾರೆ, ಮಿರ್ಚಿ ತಿನ್ನುತ್ತಾರೆ, ಸೆಲ್ಫಿ ತೆಗೆಯುತ್ತಾರೆ. ಕಂಪ್ಲಿಯವರಿಗೆ ಸೂತಕ. ನಮ್ಮೂರಿನಿಂದ ಗಂಗಾವತಿ ಕಡೆಗೆ ಹೋಗುವ ಸೇತುವೆ ಮುಳುಗುತ್ತದೆ. ಪೊಲೀಸರು ಬ್ಯಾರಿಕೇಡ್ ಅಡ್ಡ ಇಡುತ್ತಾರೆ. ಗೊತ್ತಿಲ್ಲದೆ ಬಂದ ಲಾರಿ, ಬಸ್ಸು, ಕಾರುಗಳೆಲ್ಲ ನಮ್ಮ ಮಿಲ್ಲಿನ ಕಾಂಪೌಂಡಿನ ಉದ್ದಕ್ಕೂ ಸಾಲುಗಟ್ಟಿ ನಿಲ್ಲುತ್ತವೆ.

ಶ್ರಾವಣದ ಸೋಮವಾರಗಳಲ್ಲಿ ನಮ್ಮ ಮಿಲ್ಲಿನ ಅಂಗಳದಲ್ಲಿ ದಾಸೋಹ. ಅಪ್ಪ ಶುರುಮಾಡಿದ್ದು, ಅಪ್ಪ ಹೋದ ಮೇಲೆ ಅಣ್ಣ ನಡೆಸಿಕೊಂಡು ಬಂದದ್ದು. ಭತ್ತ ಒಣಗಿಸುವ ಕಟ್ಟೆಯನ್ನೇ ಗುಡಿಸಿ, ಮೇಲೆ ಟಾರ್ಪಾಲು ಕಟ್ಟಿ, ಚಾಪೆ ಹಾಸಿ ಪಂಕ್ತಿ ಕೂರಿಸುವುದು. ಗೋಧಿ ಹುಗ್ಗಿ, ಬದನೆಕಾಯಿ ಪಲ್ಯ, ರೊಟ್ಟಿ, ಅನ್ನ, ಸಾರು, ಮಜ್ಜಿಗೆ. ದಾರಿಯಲ್ಲಿ ಹೋಗುವವರು ಯಾರು ಬಂದರೂ ಊಟ. ಅವ್ವನದು ಒಂದೇ ಕಟ್ಟುನಿಟ್ಟು: ಕೂತವರು ಉಂಡು ಕೈ ತೊಳೆಯುವ ತನಕ ಅವರ ಹೆಸರು, ಊರು, ಜಾತಿ ಕೇಳಬಾರದು. "ಹೆಸರು ಕೇಳಿ ಬಡಿಸಿದ್ರ ಅದು ದಾಸೋಹ ಅಲ್ಲ, ಖಾನಾವಳಿ" ಅನ್ನುತ್ತಿದ್ದಳು. ಅಣ್ಣ ಬಸಣ್ಣನಿಗೆ ಆ ದಿನ ಹಿಡಿಯುವವರೇ ಇಲ್ಲ. ಎತ್ತರದ ಆಳು, ಮೈಕು ಬೇಡದ ಗಂಟಲು. ಬಂದವರಿಗೆ ಬಡಿಸಿದರೆ ಅವನಿಗೆ ಸಮಾಧಾನವಿಲ್ಲ, ರಸ್ತೆಗೆ ಹೋಗಿ ವಾಹನಗಳ ಬಾಗಿಲು ಬಡಿದು ಇಳಿಸಿಕೊಂಡು ಬರಬೇಕು.

ಎರಡನೆಯ ಸೋಮವಾರ ಅವನು ಬಡಿದ ಬಾಗಿಲುಗಳಲ್ಲಿ ಒಂದು ಬಿಳಿ ಜೀಪಿನದು. ಹಿಂದಿನ ಕಿಟಕಿಗೆ ಒಳಗಿನಿಂದ ಟವೆಲು ಕಟ್ಟಿದ್ದರು. ನಾನು ಕಟ್ಟೆಯ ಅಂಚಿನಲ್ಲಿ ಸ್ಟೂಲಿನ ಮೇಲೆ ಕೂತಿದ್ದೆ, ಎಲ್ಲ ಕೇಳಿಸುತ್ತಿತ್ತು.

"ಇಳೀರಿ, ಇಳೀರಿ. ಬ್ರಿಡ್ಜ್ ಇವತ್ತು ಬಿಡಂಗಿಲ್ಲ. ಹುಗ್ಗಿ ಮಾಡೀವಿ, ಬರ್ರಿ."

ಮುಂದಿನ ಸೀಟಿನ ದಪ್ಪನೆಯ ಮನುಷ್ಯ ಹಿಂದಿಯಲ್ಲಿ ಏನೋ ಅಂದು ಕೈ ಅಲ್ಲಾಡಿಸಿದ. ಊಟ ಆಗಿದೆ, ಬೇಡ ಎಂದಿರಬೇಕು. ಅಣ್ಣ ಬಿಡುವವನೇ?

"ಆಗಿದ್ರ ಏನಾತ್ರಿ, ಶ್ರಾವಣ ಸೋಮಾರ ಪ್ರಸಾದಕ್ಕ ಯಾರಾರ ಇಲ್ಲ ಅಂತಾರೇನು?"

ಬಾಗಿಲು ಎಳೆದುಕೊಳ್ಳುತ್ತಿದ್ದ ಕೈ ನಿಂತಿತು. ಮೂವರು ಇಳಿದರು. ಡ್ರೈವರ್, ಆ ದಪ್ಪನೆಯವರು, ಅವರಿಬ್ಬರ ನಡುವೆ ಕಿವಿಗೆ ಮಫ್ಲರ್ ಸುತ್ತಿದ ಒಬ್ಬ ತೆಳ್ಳನೆಯ ಮನುಷ್ಯ. ಹೈದರಾಬಾದಿನ ಸರ್ವೆ ಕಂಪನಿಯವರು ಎಂದು ತಾವಾಗಿಯೇ ಹೇಳಿಕೊಂಡರು. ಯಾರೂ ಕೇಳಿರಲಿಲ್ಲ.

ಬಸುರಿ ಬಡಿಸಿದರೆ ಒಳ್ಳೆಯದೆಂದು ಅವ್ವ ನನ್ನ ಕೈಗೆ ಹುಗ್ಗಿಯ ಪಾತ್ರೆ ಕೊಟ್ಟಿದ್ದಳು. ಒಳ್ಳೆಯದೇನೋ ಹೌದು, ಆದರೆ ಆ ಹೊಟ್ಟೆ ಹೊತ್ತು ಪಂಕ್ತಿಯ ಉದ್ದಕ್ಕೂ ಬಗ್ಗಿ ಏಳುವುದೆಂದರೆ ಸೊಂಟ ಮುರಿಯುತ್ತಿತ್ತು. ಆ ತೆಳ್ಳನೆಯವನ ಮುಂದೆ ಬಂದು ಬಗ್ಗಲು ಹೋದಾಗ ಅವನು ಕೈ ಎತ್ತಿದ.

"ಬಗ್ಗಬೇಡಿ ತಾಯಿ. ಪಾತ್ರೆ ಇಲ್ಲಿ ಕೊಡಿ."

ಪುಸ್ತಕದಿಂದ ಕಲಿತವರ ಕನ್ನಡ. ಅವನೇ ಸೌಟು ತೆಗೆದುಕೊಂಡು ತನ್ನ ತಾಟಿಗೆ ಹಾಕಿಕೊಂಡ, ಪಕ್ಕದ ಲಾರಿ ಡ್ರೈವರನಿಗೂ ಹಾಕಿದ. ಪಾತ್ರೆ ವಾಪಸು ಕೊಡುವಾಗ ತಲೆ ಎತ್ತಿ ನೋಡಿದ. ಎಡಗಣ್ಣಿನ ರೆಪ್ಪೆ ಅರ್ಧ ಜೋತುಬಿದ್ದಿತ್ತು, ಒಂದು ಕಣ್ಣು ನಿದ್ದೆಯಲ್ಲಿದೆ, ಇನ್ನೊಂದು ಎದ್ದಿದೆ ಅನ್ನುವ ಹಾಗೆ. "ಎಷ್ಟು ತಿಂಗಳು?" ಎಂದು ಕೇಳಿದ. ಎಂಟು ತುಂಬಿದೆ ಎಂದೆ. "ಒಳ್ಳೆಯದಾಗಲಿ" ಎಂದ. ಎಷ್ಟು ಮರ್ಯಾದಸ್ಥ ಮನುಷ್ಯ ಎಂದು ಆ ಕ್ಷಣ ನನಗೆ ಅನಿಸಿದ್ದು ಸುಳ್ಳಲ್ಲ.

ಊಟ ಮುಗಿಯಿತು. ನಮ್ಮವರು ಪ್ರಸಾದ ಉಂಡ ಮೇಲೆ ತಾಟಿನಲ್ಲಿ ಒಂದಗುಳು ಬಿಡುವುದಿಲ್ಲ. ತಾಟಿಗೆ ನೀರು ಹಾಕಿ, ಬೆರಳಿನಿಂದ ತೊಳೆದು, ಆ ನೀರನ್ನೇ ಕುಡಿಯುತ್ತಾರೆ. ಬೇರೆಯವರು ಅದನ್ನು ನೋಡಿ ಮುಖ ಸಿಂಡರಿಸುವುದುಂಟು. ಹಿಂದಿ ಬಿಟ್ಟು ಇನ್ನೊಂದು ಮಾತಾಡದ ಆ ಹೈದರಾಬಾದಿನ ದಪ್ಪನೆಯವರು, ಯಾರೂ ಹೇಳದೆಯೇ ತಾಟಿಗೆ ನೀರು ಹಾಕಿಕೊಂಡು, ತೊಳೆದು, ಗಟಗಟ ಕುಡಿದರು. ಕೈ ತೊಳೆದದ್ದಾಯಿತಲ್ಲ, ಇನ್ನು ಕೇಳಲು ಅಡ್ಡಿಯಿಲ್ಲ. ಅಣ್ಣ ಜೋರಾಗಿ ನಕ್ಕ.

"ಹೈದ್ರಾಬಾದ್ನಾಗೂ ತಾಟು ತೊಳೆದು ಕುಡೀತಾರೇನ್ರಿ? ಖರೇ ಹೇಳ್ರಿ, ಯಾವೂರು ನಿಮ್ದು?"

"ವಡ್ಡು" ಎಂದುಬಿಟ್ಟರು ಅವರು, ತುಟಿ ಒರೆಸಿಕೊಳ್ಳುತ್ತಾ. ಸಂಡೂರು ತಾಲೂಕಿನ ನಮ್ಮದೇ ವಡ್ಡು. ಅಂದ ಮೇಲೆ ಅವರ ಕೈ ಬಾಯಿಯ ಹತ್ತಿರವೇ ನಿಂತಿತು. ಮಫ್ಲರಿನವನು ಅವರ ಕಡೆ ನೋಡಿದ. ಸಿಟ್ಟಿಲ್ಲ, ಏನಿಲ್ಲ, ಸುಮ್ಮನೆ ನೋಡಿದ. ಅವರ ಮುಖ ಬಿಳಿಚಿಕೊಂಡಿತು. ಮೂವರೂ ಎದ್ದರು. ಜೀಪು ಸೇತುವೆಗೆ ಕಾಯದೆ ಹೊಸಪೇಟೆ ಕಡೆಗೆ ತಿರುಗಿಕೊಂಡು ಹೋಯಿತು.

ಕೊನೆಯ ಸೋಮವಾರ ಹತ್ತಿರ ಬಂದಿತ್ತು. ಒಂದು ಸಂಜೆ ಟಿವಿಯಲ್ಲಿ ಹಳೆಯ ಸುದ್ದಿ ಮತ್ತೆ ಎದ್ದಿತು. ನಮ್ಮ ರಾಜ್ಯದ್ದೇ ಒಂದು ದೊಡ್ಡ ಊರಿನ ಬಸ್‌ಸ್ಟ್ಯಾಂಡಿನಲ್ಲಿ ಬಾಂಬು ಸಿಡಿದು, ಕಾಲೇಜಿಗೆ ಹೊರಟ ಮಕ್ಕಳು ಸತ್ತಿದ್ದರು. ಅದನ್ನು ಮಾಡಿಸಿದ ಮುಖಂಡನನ್ನು ಹುಡುಕುತ್ತಿದ್ದೇವೆ ಎಂದು ಅಂದಿನಿಂದಲೂ ಹೇಳುತ್ತಿದ್ದರು. ಅವನ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ, ಕೈ ಹೊಲಸಾಗುತ್ತದೆ. ಅವನು ಯಾವಾಗಲೋ ಗಡಿ ದಾಟಿ ಹೋಗಿದ್ದಾನೆ, ಖಚಿತ ಮಾಹಿತಿ ಇದೆ ಎಂದು ದೊಡ್ಡವರೊಬ್ಬರು ಹೇಳುತ್ತಿದ್ದರು. ಅವರ ಪಕ್ಕದಲ್ಲಿ ಅವನ ಫೋಟೋ ತೋರಿಸಿದರು. ಎಡಗಣ್ಣಿನ ರೆಪ್ಪೆ ಅರ್ಧ ಜೋತುಬಿದ್ದಿತ್ತು.

ನನ್ನ ಕೈಯಲ್ಲಿ ಹಾಲಿನ ಲೋಟ. ಅಣ್ಣ ಬಾಗಿಲಲ್ಲಿ ನಿಂತಿದ್ದ.

"ನೋಡಿದ್ಯಾ?" ಎಂದ ಅಣ್ಣ.

"ನೋಡಿದೆ."

ಅವ್ವ ಒಳಗಿನಿಂದ ಬಂದು ಇಬ್ಬರ ಮುಖ ನೋಡಿ ವಿಷಯ ತಿಳಿದುಕೊಂಡಳು. "ಉಂಡು ಹೋದೋರ ಸುದ್ದಿ ನಮಗ್ಯಾಕಪ್ಪ? ಸುಮ್ನ ಇರು" ಎಂದಳು.

"ಅವ್ವಾ, ಆ ಬಸ್‌ಸ್ಟ್ಯಾಂಡ್ನಾಗ ಸತ್ತ ಹುಡುಗ್ರೂ ಅವತ್ತು ಅವರವ್ವನ ಕೈಯಾಗ ಉಂಡೇ ಬಂದಿದ್ರು" ಎಂದ ಅಣ್ಣ.

ಜೀಪಿನಲ್ಲಿ ಬಂದವರಿಬ್ಬರೂ ಅವನ ಹಿಂಬಾಲಕರು ಎಂದೇ ಅಣ್ಣನ ಲೆಕ್ಕ. ಬೇರೆ ಥರ ಯೋಚಿಸಲು ಅವನಿಗೆ ಬರುವುದಿಲ್ಲ. ಬೆಳಿಗ್ಗೆ ಇಸ್ತ್ರಿ ಅಂಗಿ ತೊಟ್ಟು, ವಿಭೂತಿ ಹಚ್ಚಿ ಠಾಣೆಗೆ ಹೊರಟ. "ಶಾಲು ಹೊದಿಸಿದ್ರ ನನಗ ಕೊಡಣ್ಣ, ಕೂಸಿಗೆ ಆಗ್ತದ" ಎಂದು ನಾನು ಹಿಂದಿನಿಂದ ಕೂಗಿದೆ. ಅವನು ನಗುತ್ತಾ ಬೈಕು ಒದ್ದ. ಠಾಣೆಯಲ್ಲಿ ಅವನ ಮಾತು ಕೇಳಿ ಯಾರಿಗೋ ಫೋನು ಮಾಡಿದರಂತೆ. ಆಮೇಲೆ ಹೊಸಪೇಟೆಗೆ, ಬೋರ್ಡೇ ಇಲ್ಲದ ಒಂದು ಕಟ್ಟಡಕ್ಕೆ ಕಳಿಸಿದರಂತೆ. ಮಹಡಿಯ ಮೇಲೆ ಕೂರಿಸಿ ಚಹಾ ಕೊಟ್ಟರಂತೆ. ಅಲ್ಲಿದ್ದವರೆಲ್ಲ ಎದ್ದು ಸಲ್ಯೂಟ್ ಹೊಡೆದಾಗ ಅಣ್ಣನೂ ಎದ್ದು ನಿಂತ. ಒಳಗೆ ಬಂದವರು ಅಂದು ತಾಟು ತೊಳೆದು ಕುಡಿದ ವಡ್ಡಿನವರು.

"ಕುಂದ್ರಿ ಬಸಣ್ಣ. ನಿಮ್ಮನಿ ಹುಗ್ಗಿ ಮರ್ಯಾಕ ಆಗಂಗಿಲ್ಲ" ಎಂದರಂತೆ.

ಇದೆಲ್ಲ ನನಗೆ ಗೊತ್ತಾದದ್ದು ಎಷ್ಟೋ ದಿನದ ಮೇಲೆ. ಅಂದು ಗೊತ್ತಿದ್ದದ್ದು ಇಷ್ಟೇ, ಅಣ್ಣ ಮನೆಗೆ ಬರಲಿಲ್ಲ, ಅವನ ಫೋನು ರಿಂಗಾಗುತ್ತಿತ್ತು, ಯಾರೂ ಎತ್ತುತ್ತಿರಲಿಲ್ಲ. ಮಾರನೆಯ ದಿನ ನನಗೆ ಬೇನೆ ಬಂತು, ಮಗಳು ಹುಟ್ಟಿದಳು. ಆಸ್ಪತ್ರೆಯಲ್ಲಿ ಎಲ್ಲರಿಗಿಂತ ಮೊದಲು ಸಕ್ಕರೆ ಹಂಚಿ ಗಲಾಟೆ ಮಾಡಬೇಕಾದವನು ಅಣ್ಣ. ಅವನಿಲ್ಲದೆ ಆ ಹುಟ್ಟು ಸಾವಿನ ಮನೆಯ ಹಾಗೆ ಮುಗಿಯಿತು.

ಅತ್ತಿಗೆ ದಿನಾ ಬುತ್ತಿ ಕಟ್ಟಿಕೊಂಡು ಹೊಸಪೇಟೆಗೆ ಹೋಗುತ್ತಿದ್ದಳು. ಬುತ್ತಿ ಒಳಗೆ ಹೋಗುತ್ತಿತ್ತು, ಅವಳನ್ನು ಬಿಡುತ್ತಿರಲಿಲ್ಲ. ಕೊನೆಗೊಂದು ದಿನ ಯಾರೋ ಕೆಳಗಿಳಿದು ಬಂದು ಸಮಾಧಾನವಾಗಿ ತಿಳಿಹೇಳಿದರಂತೆ. ಅವಳು ಬಾಣಂತಿಕೋಣೆಯ ಬಾಗಿಲಲ್ಲಿ ಕೂತು ಅದನ್ನು ನನಗೆ ಹೇಳಿದಳು.

"'ಉಂಡು ಹೋದೋನು ಅವನೇ' ಅಂದ್ರ, ಅವನಿಗೆ ಆಸರಾ ಕೊಟ್ಟೋರು ನೀವು, ಕೇಸು ನಿಮ್ಮ ಮ್ಯಾಲೆ. 'ಅವನಲ್ಲ, ಹಂಪಿ ನೋಡಾಕ ಬಂದ ಗ್ರಾನೈಟ್ ವ್ಯಾಪಾರಿ' ಅಂದ್ರ ಮನಿಗೆ. ಇವರು ಎರಡೂ ಬ್ಯಾಡ ಅಂತಾರಂತ. 'ಅವನೇ, ಸಂಗಾಟ ಬಂದೋರು ನೀವು' ಅಂತ ಒಂದೇ ಹಟ."

ಅಷ್ಟರಲ್ಲಿ ಊರಿನಲ್ಲಿ ಗುಸುಗುಸು ಶುರುವಾಗಿತ್ತು. ನಮ್ಮ ಮಿಲ್ಲಿನ ಲಾರಿ ಓಡಿಸುವ ಹುಸೇನಣ್ಣ ಸಂಡೂರಿನಿಂದ ಒಂದು ಸುದ್ದಿ ತಂದ. ಗುಡ್ಡದ ಮೇಲೆ ಮುಚ್ಚಿಹೋದ ಗಣಿ ಕಂಪನಿಯ ಹಳೆಯ ಗೆಸ್ಟ್‌ಹೌಸಿದೆ. ಗಣಿ ನಿಂತಾಗಿನಿಂದ ಅಲ್ಲಿ ಬಾವಲಿ ಬಿಟ್ಟರೆ ಯಾರಿಲ್ಲ. ಬೇಸಿಗೆಯಿಂದ ಈಚೆಗೆ ಅಲ್ಲಿ ಹಗಲೂ ರಾತ್ರಿ ಜನರೇಟರು ಓಡುತ್ತಿದೆ. ಹಾಲು, ಮಾಂಸ, ಮಿನರಲ್ ನೀರು ಮೇಲೆ ಹೋಗುತ್ತಿದೆ. ಗುಡ್ಡದ ಬುಡದಲ್ಲಿ ದನ ಕಾಯುವವರನ್ನೂ ಹತ್ತಲು ಬಿಡುತ್ತಿಲ್ಲ.

"ಹೊಸಪ್ಯಾಟಿ ಲಾಡ್ಜ್ ಒಂದ್ ಬಿಡ್ಲಿಲ್ರಿ, ಹಂಪಿ ಹೋಂಸ್ಟೇ ಒಂದ್ ಬಿಡ್ಲಿಲ್ಲ, ಎಲ್ಲಾ ಜಾಲಾಡಿದ್ರು ಅವನ್ನ ಹುಡುಕ್ತೀವಿ ಅಂತ" ಎಂದು ಅವನು ಅವ್ವನ ಮುಂದೆ ದನಿ ಇಳಿಸಿ ಹೇಳಿದ್ದು ನನಗೂ ಕೇಳಿಸಿತು. "ಆ ಗುಡ್ಡ ಒಂದು ಹತ್ತಲಿಲ್ಲ ನೋಡ್ರಿ ಅಮ್ಮಾರ."

ಪೊಲೀಸರೇ ಅವನನ್ನು ಯಾಕೆ ಸಾಕುತ್ತಾರೆ ಎನ್ನುವುದಕ್ಕೆ ಒಬ್ಬೊಬ್ಬರದು ಒಂದೊಂದು ಮಾತು. ಅವನು ಮೊದಲಿನಿಂದಲೂ ಅವರದೇ ಮನುಷ್ಯ ಎಂದು ಕೆಲವರು. ಅವನು ಬಾಯಿ ಬಿಟ್ಟರೆ ದೊಡ್ಡವರ ಹೆಸರು ಹೊರಗೆ ಬರುತ್ತದೆ, ಅದಕ್ಕೇ ಕೊಲ್ಲಲೂ ಆಗದೆ ಹಿಡಿಯಲೂ ಆಗದೆ ಇಟ್ಟುಕೊಂಡಿದ್ದಾರೆ ಎಂದು ಇನ್ನು ಕೆಲವರು. ನಿಜ ಏನೋ ನನಗೆ ಇಂದಿಗೂ ಗೊತ್ತಿಲ್ಲ. ಕೊನೆಯ ಸೋಮವಾರ ಅವ್ವ ಹಟಕ್ಕೆ ಹುಗ್ಗಿ ಮಾಡಿಸಿದಳು. ಉಣ್ಣಲು ಬಂದವರು ಬೆರಳೆಣಿಕೆಯಷ್ಟು ಜನ. ಉಳಿದದ್ದನ್ನು ದನಕ್ಕೆ ಹಾಕಿದರು.

ವಡ್ಡಿನವರು ಮನೆಗೇ ಬಂದದ್ದು ಆಮೇಲೆ, ಒಂದು ಮಧ್ಯಾಹ್ನ. ಚಪ್ಪಲಿಯನ್ನು ಹೊರಗೇ ಬಿಟ್ಟರು. ಅವ್ವನಿಗೆ ಕೈ ಮುಗಿದರು. ಗ್ರಾನೈಟ್ ವ್ಯಾಪಾರಿ ಬಂದು ಉಂಡು ಹೋದ ಎಂದು ಬರೆದು ತಂದಿದ್ದ ಹೇಳಿಕೆಗೆ ಅವ್ವನ ಹೆಬ್ಬೆಟ್ಟು, ಅತ್ತಿಗೆಯ ಸಹಿ ತೆಗೆದುಕೊಂಡರು. ಮಾಡಿದರೆ ಅಣ್ಣನಿಗೆ ಒಳ್ಳೆಯದಾಗುತ್ತದೆ ಎಂದರು, ಇಬ್ಬರೂ ಮಾಡಿದರು.

"ಇನ್ನ ಬಡಿಸಿದ ತಂಗಿ ಒಬ್ಬಾಕಿ ಉಳಿದ್ಲು" ಎಂದರು.

ನಾನು ಕತ್ತಲಕೋಣೆಯಲ್ಲಿ ಮಗಳನ್ನು ಎದೆಗೆ ಹಚ್ಚಿಕೊಂಡು ಕೂತಿದ್ದೆ. ಅವ್ವ ಬಂದು ಬಾಗಿಲಿಗೆ ಅಡ್ಡ ನಿಂತದ್ದು ಅವಳ ಸೀರೆಯ ಅಂಚಿನಿಂದ ಗೊತ್ತಾಯಿತು.

"ಹಸೀ ಬಾಣಂತಿ ಐದಾಳ್ರಿ. ಹೊರಗಿನ ಗಂಡಸರ ನೆರಳು ಬೀಳಂಗಿಲ್ಲ."

"ನೆರಳ್ಯಾಕ ಬೀಳಬೇಕು, ಇಲ್ಲಿಂದಾನ ಎರಡು ಮಾತು ಕೇಳ್ತೀನಿ."

"ದನೀನೂ ಬೀಳಂಗಿಲ್ರಿ."

ನಾನು ಮಗಳನ್ನು ಇನ್ನಷ್ಟು ಒತ್ತಿ ಹಿಡಿದುಕೊಂಡೆ. "ಆತ್ ಬಿಡ್ರಿ ಅಮ್ಮಾರ. ಕೂಸು ಆರಾಮ ಐತಿಲ್ಲ?" ಎಂದು ಕೇಳಿ ಅವರು ಹೋದರು. ಅವ್ವನ ಬಗ್ಗೆ ನನಗೆ ಎಂಥ ಹೆಮ್ಮೆ ಬಂತೆಂದರೆ, ಆಮೇಲೆ ತಿಂಗಳುಗಟ್ಟಲೆ ಗಂಡನ ಮುಂದೆ ಅದನ್ನೇ ಹೇಳಿಕೊಂಡು ಮೆರೆದೆ. ಇಡೀ ಸರ್ಕಾರ ಬಂದರೂ ನಮ್ಮವ್ವನ ಹೊಸ್ತಿಲು ದಾಟಲಿಕ್ಕಾಗಲಿಲ್ಲ ನೋಡಿ ಎನ್ನುತ್ತಿದ್ದೆ.

ಮರುದಿನವೇ ಅಣ್ಣ ಮನೆಗೆ ಬಂದ. ಅಂಗಿ ಹೆಗಲಿನಿಂದ ಜಾರುತ್ತಿತ್ತು. "ಸಹಿ ಮಾಡಿದೆ" ಎಂದ, ಅಷ್ಟೇ. ಕೂಸನ್ನು ಬಾಗಿಲಿನಿಂದಲೇ ನೋಡಿ ಮಿಲ್ಲಿಗೆ ಹೋದ. ಅಷ್ಟು ದಿನ ಹಟ ಹಿಡಿದವನು, ಅವ್ವ ಬಾಗಿಲಿಗೆ ಅಡ್ಡ ನಿಂತು ಅವರನ್ನು ವಾಪಸು ಕಳಿಸಿದ ಮೇಲೂ ಸೋತದ್ದು ನನಗೆ ನುಂಗಲಾಗಲಿಲ್ಲ. ನನಗೆ ಸಿಟ್ಟು ಬಂದಿತ್ತು, ನಾಚಿಕೆಯೂ ಆಗಿತ್ತು. ಅಂಥ ಗಂಟಲಿನವನು ಈಗ ಕೂಲಿಗಳ ಹತ್ತಿರವೂ ಪಿಸುಗುಟ್ಟುತ್ತಿದ್ದ. ಫೋನು ಬಂದರೆ ಎದ್ದು ಅಂಗಳದಾಚೆ ಹೋಗಿ ಮಾತಾಡುತ್ತಿದ್ದ. ಮಗಳಿ​ಗೆ ಹೆಸರಿಟ್ಟ ಮೇಲೆ ವಿರೂಪಾಕ್ಷನ ದರ್ಶನಕ್ಕೆ ಹೋದೆವು. ಹಂಪಿ ಬಜಾರಿನ ಕಲ್ಲು ಮಂಟಪಗಳ ಮುಂದೆ ಎದುರು ಬಂದ ಪ್ರವಾಸಿಗರ ಮುಖವನ್ನೆಲ್ಲ ಅವನು ನಿಂತು ನಿಂತು ನೋಡುತ್ತಿದ್ದ.

"ಯಾರನ್ನ ಹುಡುಕಾಕತ್ತೀಯಣ್ಣ?" ಎಂದೆ.

"ಯಾರ್ನೂ ಇಲ್ಲ. ಕೂಸನ್ನ ಇಲ್ಲಿ ಕೊಡು" ಎಂದು ಮಗಳನ್ನು ನನ್ನ ಕೈಯಿಂದ ತೆಗೆದುಕೊಂಡ. ಗುಡಿಯಿಂದ ವಾಪಸು ಕಾರು ಹತ್ತುವ ತನಕ ಅವಳನ್ನು ಕೆಳಗಿಳಿಸಲಿಲ್ಲ.

ದೀಪಾವಳಿಯ ಹೊತ್ತಿಗೆ ಸಂಡೂರಿನ ಗುಡ್ಡದ ಮೇಲೆ ಜನರೇಟರಿನ ಸದ್ದು ನಿಂತಿದೆ, ಗೆಸ್ಟ್‌ಹೌಸಿಗೆ ಬೀಗ ಬಿದ್ದಿದೆ ಎಂದು ಹುಸೇನಣ್ಣ ಹೇಳಿದ. ನಾನು ಮರಿಯಮ್ಮನಹಳ್ಳಿಗೆ ಬಂದು ಶಾಲೆಗೆ ಹೋಗತೊಡಗಿದೆ. ಎಲ್ಲ ಮುಗಿಯಿತು ಎಂದೇ ತಿಳಿದುಕೊಂಡೆ.

ಬೇಸಿಗೆ ರಜೆಯಲ್ಲಿ ತವರಿಗೆ ಬಂದಾಗ, ಬಿಳಿ ಪಂಚೆ ಉಟ್ಟ ಒಬ್ಬ ಹಿರಿಯರು ಬಿಸಿಲಿನಲ್ಲಿ ನಡೆದುಕೊಂಡು ಮಿಲ್ಲಿಗೆ ಬಂದರು. ಹೆಸರು ನಂಜುಂಡಯ್ಯ, ನಿವೃತ್ತ ಮೇಷ್ಟ್ರು. ಆ ಬಸ್‌ಸ್ಟ್ಯಾಂಡಿನಲ್ಲಿ ಸತ್ತವರಲ್ಲಿ ಅವರ ಮಗಳೂ ಒಬ್ಬಳು. ಮುಖಂಡ ದೇಶದಲ್ಲೇ ಇಲ್ಲ ಎಂದು ಸರ್ಕಾರ ಹೇಳುವುದನ್ನು ಒಪ್ಪದೆ ಕೋರ್ಟಿಗೆ ಹೋಗಿದ್ದರು. ಕಂಪ್ಲಿಯ ರೈಸ್ ಮಿಲ್ಲಿನವರೊಬ್ಬರು ಅವನನ್ನು ಕಂಡೆ ಎಂದು ಠಾಣೆಗೆ ಹೋಗಿದ್ದರಂತೆ ಎನ್ನುವ ಮಾತು ಹೇಗೋ ಅವರ ಕಿವಿಗೆ ಬಿದ್ದಿತ್ತು.

"ಅವನು ಇಲ್ಲೇ ಇದ್ದ, ಯಾರೋ ಇಟ್ಟುಕೊಂಡಿದ್ದರು ಅಂತ ಹೇಳೋರು ನನಗೆ ಒಬ್ಬರು ಬೇಕು" ಎಂದರು. "ಒಬ್ಬರೇ ಸಾಕು. ನೀವು ನೋಡಿದಿರಾ?"

ಅಣ್ಣ ನೆಲ ನೋಡುತ್ತಾ ಹೇಳಿದ, "ಅವನಲ್ರಿ. ಗ್ರಾನೈಟ್ ವ್ಯಾಪಾರಿ."

ಹಿರಿಯರು ತಲೆದೂಗಿದರು. ಆಶ್ಚರ್ಯಪಟ್ಟಂತೆ ಕಾಣಲಿಲ್ಲ. "ನಾನು ಬೇರೆ ಊರುಗಳಿಗೂ ಹೋಗಿ ಬಂದೆ. ಒಂದು ಕಡೆ ಹತ್ತಿ ವ್ಯಾಪಾರಿ ಅಂದರು. ಇನ್ನೊಂದು ಕಡೆ ಕುರಿ ವ್ಯಾಪಾರಿ. ಹೇಳುವಾಗ ಎಲ್ಲರೂ ಹೀಗೇ ನೆಲ ನೋಡುತ್ತಾರೆ."

ಅವರು ಎದ್ದರು. ಅಂಬೆಗಾಲಿಡುತ್ತಿದ್ದ ನನ್ನ ಮಗಳು ಅವರ ಪಂಚೆ ಹಿಡಿದುಕೊಂಡು ಎದ್ದು ನಿಲ್ಲಲು ನೋಡಿದಳು. ಅವರು ಬಗ್ಗಿ ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದರು. ಆ ಬಿಡಿಸುವ ಬಗೆಯಲ್ಲಿ ಅವರೊಬ್ಬ ತಂದೆ ಎನ್ನುವುದು ಕಾಣುತ್ತಿತ್ತು. ನನಗೆ ತಡೆಯಲಿಕ್ಕಾಗಲಿಲ್ಲ.

"ಬಡಿಸಿದಾಕಿ ನಾನ್ರಿ. ಅವನೇ. ಸಂಗಾಟ ಬಂದೋರು ಪೊಲೀಸ್ನೋರು. ನನ್ನ ಸಹಿ ಯಾರೂ ತಗೊಂಡಿಲ್ಲ."

"ಲೇ, ಬಾಯಿ ಮುಚ್ಚು!" ಎಂದು ಅಣ್ಣ ಕಿರುಚಿದ. ಶ್ರಾವಣದಿಂದ ಈಚೆಗೆ ಅವನ ಗಂಟಲು ಕೇಳಿದ್ದು ಅದೇ ಮೊದಲು. ನಾನು ಬಾಯಿ ಮುಚ್ಚಲಿಲ್ಲ. ವಾರದೊಳಗೆ ವಕೀಲರ ಮುಂದೆ ಪ್ರಮಾಣ ಮಾಡಿ ಎಲ್ಲ ಬರೆದುಕೊಟ್ಟೆ. ಅದರಿಂದ ಅಣ್ಣನ ಸಹಿ ಸುಳ್ಳಾಗುತ್ತದೆ, ಅವನ ಮೇಲೆ ಕೇಸು ತಿರುಗಬಹುದು ಎಂದು ವಕೀಲರು ಎಚ್ಚರಿಸಿದರು. ಹೆದರಿ ಸುಳ್ಳಿಗೆ ಸಹಿ ಮಾಡಿದವನು ಅದನ್ನು ಉಣ್ಣಲಿ ಎಂದುಕೊಂಡೆ. ಅಣ್ಣ ನನ್ನ ಜೊತೆ ಮಾತು ಬಿಟ್ಟ.

ಈ ವಾರ, ಶಾಲೆಯಲ್ಲಿ ಊಟದ ಹೊತ್ತಿಗೆ, ಗೊತ್ತಿಲ್ಲದ ನಂಬರಿನಿಂದ ಫೋನು ಬಂತು.

"ಹೆಂಗದೀಯವ್ವ ತಂಗಿ? ಕೂಸು ನಡೀತೈತೇನು?"

ಮನೆಯ ಹಿರಿಯರು ಕೇಳುವ ಹಾಗೆ ಕೇಳಿದರು. ಬಾಣಂತಿಕೋಣೆಯ ಬಾಗಿಲಾಚೆಯಿಂದ ಕೇಳಿದ್ದ ವಡ್ಡಿನವರ ದನಿ, ತಕ್ಷಣ ಗುರುತು ಸಿಕ್ಕಿತು. "ನಡೀತೈತ್ರಿ" ಎಂದೆ.

"ನಡಿಯಾಕತ್ತಿದ್ರ ಭಾಳ ಹುಷಾರಿರ್ಬೇಕವ್ವ. ನಿಮ್ಮ ಮರಿಯಮ್ಮನಹಳ್ಳಿ ರೋಡಿನಾಗ ಲಾರಿ ಜಾಸ್ತಿ" ಎಂದು ಹೇಳಿ ಇಟ್ಟರು.

ಮಾತು ಬಿಟ್ಟಿದ್ದ ಅಣ್ಣನಿಗೇ ಫೋನು ಮಾಡಿದೆ. ಅವನು ಪೂರ್ತಿ ಕೇಳಿಸಿಕೊಂಡ. "ನಾಳೆ ಕೂಸನ್ನ ಕರ್ಕೊಂಡ್ ಬಾ" ಎಂದ. ಹಾಗೆ ಮೊನ್ನೆ ಕಂಪ್ಲಿಗೆ ಬಂದದ್ದು.

ಅವನು ಮಿಲ್ಲಿನ ಒಳಗಿನ ಕೋಣೆಯಲ್ಲಿ ನನ್ನನ್ನು ಕೂರಿಸಿದ. ಹೊರಗೆ ಬಾಯ್ಲರ್ ಕೂಗುತ್ತಿತ್ತು. ಅದು ನಿಲ್ಲುವ ತನಕ ಕಾದು ಆಮೇಲೆ ಮಾತಾಡಿದ.

"ನನಗೂ ಬರ್ತದ ಆ ಫೋನು. ತಿಂಗಳಾ ಬರ್ತದ, ಹೋದ ಶ್ರಾವಣದಿಂದ. 'ತಂಗಿ ಕೂಸು ಹೆಂಗೈತಿ?' ಅಂತ ಇಷ್ಟ ಕೇಳ್ತಾರ. ಆರಾಮ ಐತ್ರಿ ಅಂತೀನಿ. ಇಡ್ತಾರ."

"ನನಗ್ಯಾಕ ಹೇಳ್ಲಿಲ್ಲಣ್ಣ?"

"ಏನಂತ ಹೇಳ್ಲಿ? ಅವ್ವ ಬಾಗ್ಲಾಗ ನಿಂತಿದ್ದಕ್ಕ ಅವರು ಹೊಳ್ಳಿ ಹೋದ್ರು ಅಂತ ನೀವು ಖುಷಿಯಾಗಿದ್ರಿ. ಅವತ್ತು ಅಲ್ಲಿಂದ ಸೀದಾ ನನ್ನ ಹತ್ರ ಬಂದು ಕುಂತ್ರು. 'ಬಸಣ್ಣ, ಬಾಣಂತಿನ ಜೀಪಿನಾಗ ಕರ್ಕೊಂಡ್ ಬರ್ಲೇನು, ನೀ ಸಹಿ ಮಾಡ್ತಿಯೇನು' ಅಂದ್ರು." ಅವನು ಕೈಯನ್ನು ಮುಖದ ಮೇಲೆ ಉಜ್ಜಿಕೊಂಡ. "ಅಲ್ಲೀತನಕ ನಾ ಸಹಿ ಮಾಡಿರ್ಲಿಲ್ಲ."

ಒಂದು ವರ್ಷ ಇವನನ್ನು ಮನಸ್ಸಿನಲ್ಲೇ ಹೇಡಿ ಎಂದು ಬೈದಿದ್ದೆ. ನನ್ನ ಸಹಿ ಯಾರೂ ತಗೊಂಡಿಲ್ಲ ಎಂದು ಎದೆ ತಟ್ಟಿ ಹೇಳಿದ್ದೆ. ಆ ಸಹಿಯನ್ನು ನನ್ನ ಬದಲು ಇವನು ಮಾಡಿದ್ದ. ಮಗಳು ತೌಡಿನ ಚೀಲದ ಅಂಚು ಹಿಡಿದು ನಿಂತು ನಮ್ಮಿಬ್ಬರನ್ನೂ ನೋಡಿ ನಗುತ್ತಿದ್ದಳು. ಸೋಮವಾರ ಧಾರವಾಡದ ಕೋರ್ಟಿನಲ್ಲಿ ವಿಚಾರಣೆ. ನಾನೇ ಬರಬೇಕು, ನನ್ನ ಬಾಯಿಂದಲೇ ಹೇಳಬೇಕು ಎಂದು ನಂಜುಂಡಯ್ಯನವರು ಹಿಂದಿನ ರಾತ್ರಿಯಷ್ಟೇ ಮತ್ತೆ ನೆನಪಿಸಿದ್ದರು.

"ಸೋಮಾರ ಹೋಗ್ಲೇನಣ್ಣ, ಬ್ಯಾಡೇನು?" ಎಂದು ಕೇಳಿದೆ. ಚಿಕ್ಕವಳಿದ್ದಾಗ ಶಾಲೆಯ ಪ್ರವಾಸಕ್ಕೆ ಕೇಳುತ್ತಿದ್ದ ದನಿಯಲ್ಲೇ ಕೇಳಿದೆ.

ಅಣ್ಣ ಎದ್ದುಹೋಗಿ ಮಿಲ್ಲಿನ ದೊಡ್ಡ ಗೇಟನ್ನು ಎಳೆದು ಒಳಗಿನಿಂದ ಬೀಗ ಹಾಕಿ ಬಂದ. ನನ್ನ ಚೀಲದಿಂದ ಮಗಳ ಬಟ್ಟೆಗಳನ್ನು ತಾನೇ ಒಂದೊಂದಾಗಿ ತೆಗೆದು ಕಪಾಟಿನಲ್ಲಿ ಜೋಡಿಸಿಟ್ಟ. ಆಮೇಲೆ ಅವಳನ್ನು ಎತ್ತಿ ಹೆಗಲಿಗೆ ಹಾಕಿಕೊಂಡ.

"ಕೂಸು ನನ್ನ ಹತ್ರ ಇರ್ಲಿ. ನೀ ಹೋಗಿ ಬಾ" ಎಂದ.